ಬಣ್ಣ ಒಣಗುವವರೆಗೆ

ಕೂತ್ಕೊಳ್ಳಿ, ಬಣ್ಣ ಇನ್ನೂ ಹಸಿ. ಆ ಸ್ಟೂಲು ಬೇಡ,
ಅದರ ಒಂದು ಕಾಲು ಮೋಸ.
ಹೆಸರು ಚೆಳಿಯನ್. ಹೌದು, ಪಾಂಡ್ಯರಾಜರ ಹೆಸರು.
ರಾಜ್ಯ ಮಾತ್ರ ಹತ್ತಡಿಗೆ ಹನ್ನೆರಡಡಿ,
ಸೆಲ್ಲೂರಿನ ಸೇತುವೆ ಇಳಿದರೆ ಎಡಗಡೆ.
ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಕೆಳಗೆ ನಾನು,
ಇಬ್ಬರದೂ ನಗು ರಿಪೇರಿಯ ಕಸುಬು.

ಬೆಳಿಗ್ಗೆ ಒಂದು ಪಕ್ಷ, ದೀಪ ಹಚ್ಚುವ ಹೊತ್ತಿಗೆ ಇನ್ನೊಂದು.
ಎರಡಕ್ಕೂ ಹಿಂದೆ ಹುಲಿ ಬೇಕು.
ನನ್ನಲ್ಲಿರುವುದು ಒಂದೇ ಹುಲಿ.
ಇವರಿಗೆ ಎಡಕ್ಕೆ ಮುಖ, ಅವರಿಗೆ ತಿರುಗಿಸಿ ಬಲಕ್ಕೆ.
ಇಷ್ಟೇ ಸಾರ್ ಸಿದ್ಧಾಂತದ ವ್ಯತ್ಯಾಸ.
ನರೆ ತೆಗಿ, ಗಲ್ಲದ ಕೆಳಗಿನ ಗಲ್ಲ ತೆಗಿ,
ಕೌನ್ಸಿಲರ ಭಾವಮೈದುನನ ತಲೆ ಇನ್ನಷ್ಟು ದಪ್ಪ ಮಾಡು.
ಯಾರು ಏರಿದರು, ಯಾರು ಇಳಿದರು,
ಪೇಪರಿಗಿಂತ ಮುಂಚೆ ನನಗೆ ಗೊತ್ತಾಗುತ್ತದೆ,
ಸೆಂಟಿಮೀಟರಿನಲ್ಲಿ.
ಓಟು ಯಾರಿಗೆ ಅಂತೀರಾ? ಬಾಕಿ ಕೊಟ್ಟವರಿಗೆ.
ಅಂದರೆ ಇನ್ನೂ ಯಾರಿಗೂ ಇಲ್ಲ.

ತಾಳಿ, ಕರೆಂಟು ಹೋಯಿತು.

ಇದೊಂದು. ಇನ್ನೊಂದು, ಬ್ಯಾಂಕಿನಲ್ಲಿ ದಾರ ಕಟ್ಟಿದ ಪೆನ್ನು,
ರೀಫಿಲ್ಲಿಲ್ಲ, ದಾರ ಮಾತ್ರ ಗಟ್ಟಿ.
ಒಂದು ರೂಪಾಯಿ ಚಿಲ್ಲರೆ ಕೇಳಿದರೆ ಹುಣಸೆ ಮಿಠಾಯಿ ಕೊಡುವ ಅಂಗಡಿ;
ಅದೇ ಮಿಠಾಯಿ ವಾಪಸು ಕೊಟ್ಟೆ, ತಗೊಳ್ಳಲಿಲ್ಲ.
ರೈಲಿನಲ್ಲಿ ಮದುರೈ ಅಂದಕೂಡಲೆ
ನನ್ನ ಸೊಂಟ ನೋಡುವವರು, ಮಚ್ಚು ಇದೆಯೇನೋ ಅಂತ.
ಇರುವುದು ಅಳತೆ ಟೇಪು.

ನೀವು ಆ ಕಡೆಯವರೇ? ಮಾತಿನಲ್ಲಿ ಗೊತ್ತಾಯಿತು.
ಹೆದರಬೇಡಿ, ಇದು ವೈಗೈ.
ಇದಕ್ಕೆ ಜಗಳವಾಡಲು ಬೇರೆ ರಾಜ್ಯ ಇದೆ.
ಹೊಳೆ ಬತ್ತಿದರೆ ಅಮ್ಮನಿಗೆ ಬೀದಿಯ ಕೊನೆಯ ನಲ್ಲಿ,
ನಮಗೆ ಗ್ರೌಂಡು.
ನೀರು ಬಿಟ್ಟರು ಅಂದರೆ ಅವಳು ಕೊಡ ತೊಳೆಯುತ್ತಾಳೆ,
ನಾನು ಸ್ಟಂಪು ಕಿತ್ತು ತರುತ್ತೇನೆ, ಮುಖ ಊದಿಸಿಕೊಂಡು.

ಟಿವಿಯ ಕ್ರಿಕೆಟ್ಟು ಬೇರೆ. ನಮ್ಮ ಚೆನ್ನೈ ಅಂತೀವಿ,
ಹನ್ನೊಂದರಲ್ಲಿ ತಮಿಳು ಬಲ್ಲವರನ್ನು ಎಣಿಸಿ,
ಒಂದೇ ಕೈಯಲ್ಲಿ ಇನ್ನೂ ಬೆರಳು ಉಳಿಯುತ್ತವೆ.
ಆದರೂ ಸೋತ ರಾತ್ರಿ ಪರೋಟಾ ಗಂಟಲಲ್ಲಿ ಇಳಿಯುವುದಿಲ್ಲ.
ಏನು ಮಾಡುವುದು, ಕಟ್ಟಿಕೊಂಡಾಗಿದೆ.

ಹೊಳೆಯಲ್ಲಿ ಬೌಲರನ ಹಿಂದೆ ಪರದೆಗೆ
ಸಭೆ ಮುಗಿದ ಬ್ಯಾನರು ಕಟ್ಟುತ್ತೇವೆ.
ಕಳೆದ ಭಾನುವಾರ ಫೈನಲ್, ಯಾರೋ ತಿರುವುಮುರುವು ಕಟ್ಟಿದ್ದರು.
ನಾಯಕರ ಇಪ್ಪತ್ತಡಿ ಬಿಳಿ ಅಂಗಿ,
ನಮ್ಮದು ಬಿಳಿ ಟೇಪು ಸುತ್ತಿದ ಚೆಂಡು.
ಅಂಗಿಯೊಳಗೆ ಹೊಕ್ಕಿದ್ದಷ್ಟೇ ಕಂಡದ್ದು,
ಆಮೇಲೆ ಕಡ್ಡಿ ಮುರಿದ ಸದ್ದು.
ನಾನೇ ಹೊಲಿಗೆ ಕಾಣದಂತೆ ಬೆಳ್ಳಗೆ ಮಾಡಿದ ಅಂಗಿ ಅದು.
ಅಂಪೈರು ಬೆರಳೆತ್ತಿದರೆ ಎದುರಿನವ ಔಟು.
ಓಟಿನ ದಿನ ಶಾಯಿಯ ಬೆರಳೆತ್ತಿ ಫೋಟೋಕ್ಕೆ ನಿಲ್ಲುವವರು ನಾವೇ,
ಬ್ಯಾಟು ಕಂಕುಳಲ್ಲಿಟ್ಟು ಹೊರಗೆ ನಡೆಯುವವರೂ ನಾವೇ.

ಅಪ್ಪ ನಲವತ್ತು ವರ್ಷ ಬಾವುಟ ಹೊತ್ತ, ಒಂದೇ ಬಾವುಟ.
ಹೋದಾಗ ಪಕ್ಷದಿಂದ ಒಂದು ಹಾರ ಬರಲಿಲ್ಲ,
ಸೈಕಲ್ಲಿನಲ್ಲಿ ಒಬ್ಬ ಮುದುಕ ಬಂದ, ಅಷ್ಟೇ.
ಬ್ಯಾನರು ನಾನೇ ಮಾಡಿದೆ, ಆರಕ್ಕೆ ನಾಲ್ಕು.
ಬೆರಳು ತನ್ನಷ್ಟಕ್ಕೆ ಮೌಸು ಹಿಡಿದು ಹೋಯಿತು
ಎಡಹುಬ್ಬಿನ ಮೇಲಿನ ನರೂಲಿಗೆ.
ತೆಗೆದೆ.
ಮತ್ತೆ ಇಟ್ಟೆ.
ಅಮ್ಮ ಬಾಗಿಲಲ್ಲಿ ನಿಂತು ನೋಡಿ
ಕರೆಂಟು ಬಿಲ್ಲು ಕಟ್ಟಿದೆಯಾ ಅಂತ ಕೇಳಿದಳು.
ಈಗ ಅದು ಮನೆಯ ತಾರಸಿಯ ಮೇಲಿದೆ,
ಬಿರುಕಿನ ಜಾಗಕ್ಕೆ ಸರಿಯಾಗಿ,
ಎರಡು ಪಕ್ಷಗಳ ಬ್ಯಾನರಿನ ಮೇಲೆ, ಮುಖ ಕೆಳಗೆ.
ಆ ಮೂಲೆ ಈ ವರ್ಷ ಸೋರಿಲ್ಲ.

ಬಂತು ಕರೆಂಟು. ಮುಟ್ಟಿ ನೋಡಿ, ಒಣಗಿದೆ.
ನಿಮ್ಮ ಮಗುವಿನ ಕೆನ್ನೆಯ ದೃಷ್ಟಿಬೊಟ್ಟು ತೆಗೆದಿಲ್ಲ,
ಹುಲಿಯನ್ನೂ ಹಾಕಿಲ್ಲ.
ಹುಟ್ಟುಹಬ್ಬ ಮುಗಿದ ಮೇಲೆ ಬಿಸಾಡಬೇಡಿ, ಇಲ್ಲಿಗೇ ತನ್ನಿ.
ಕೆಂಪು ಅಂಗಿ ಹಾಕಿಕೊಂಡಿದೆ ಕೂಸು,
ಚೆಂಡು ಚೆನ್ನಾಗಿ ಕಾಣುತ್ತದೆ.